ಒಂದು ಎಕರೆ ಟೊಮೆಟೊ, 24 ದಿನದ ಪತಂಗ

ಚಿಕ್ಕಪ್ಪನ ಟೊಮೆಟೊ ತೋಟಕ್ಕೆ ನಾನು ಹೋದಾಗ ಸಸಿ ನೆಟ್ಟು 25 ದಿನ ಆಗಿತ್ತು. 2016ರ ಫೆಬ್ರವರಿ ಕೊನೆಯ ವಾರ. ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಒಂದು ಎಕರೆ ಕೆಂಪು ಮಣ್ಣು, ಬೋರ್‌ವೆಲ್ ನೀರು, ಡ್ರಿಪ್, ಮಣ್ಣಿಗೆ ಹೊದಿಸಿದ ಮಲ್ಚಿಂಗ್ ಪೇಪರ್. ಗಿಡ ಮೊಣಕಾಲುದ್ದ ಬಂದಿತ್ತು. ಕಡ್ಡಿ ನೆಟ್ಟು ದಾರ ಕಟ್ಟುವ ಕೆಲಸ ನಡೆಯುತ್ತಿತ್ತು. ನಾನು ಕೃಷಿ ಓದಿದವನು, ಕೆಲಸ ಬೆಂಗಳೂರಿನಲ್ಲಿ. ಊರಿಗೆ ಹೋದಾಗಲೆಲ್ಲ ಯಾರಾದರೂ ಒಂದು ಎಲೆ ಕಿತ್ತು ತಂದು ಕೈಗಿಡುತ್ತಾರೆ. ಅವತ್ತು ಚಿಕ್ಕಪ್ಪ ತಂದರು.

“ಏನಪ್ಪಾ ಇದು?”

ಎಲೆಯ ಮೇಲೆ ಬಿಳಿ ಬಿಳಿ ಗುರುತು. ನಿಂತ ಜಾಗದಲ್ಲೇ ನೋಡಿ ಹೇಳಿಬಿಟ್ಟೆ. “ರಂಗೋಲಿ ಹುಳು. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಚಿಕ್ಕಪ್ಪ. ಗಿಡ ಬೆಳೀತಾ ತಡ್ಕೊಳ್ಳುತ್ತೆ.”

ಆ ಒಂದು ಮಾತಿಗೆ ಮೂರು ವಾರ ಹೋಯಿತು. ಆ ಮೂರು ವಾರಕ್ಕೆ ಅರ್ಧಕ್ಕಿಂತ ಜಾಸ್ತಿ ಬೆಳೆ ಹೋಯಿತು. ಯಾವ ದಿನ ಏನು ನಡೆಯಿತು, ಎಲ್ಲಿ ತಪ್ಪಿದೆವು, ಆಮೇಲೆ ಏನು ಮಾಡಿದೆವು ಎನ್ನುವುದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ. ಟೊಮೆಟೊ ಬೆಳೆಯುವವರಿಗೆ, ಅವರಿಗೆ ಸಲಹೆ ಕೊಡುವ ನನ್ನಂಥವರಿಗೆ ಇದು ಉಪಯೋಗಕ್ಕೆ ಬರಲಿ ಎಂಬ ಆಸೆ.

ಎಲೆಯನ್ನು ಬಿಸಿಲಿಗೆ ಹಿಡಿದಾಗ

ಮಾರ್ಚ್ 20ರ ಬೆಳಿಗ್ಗೆ ಚಿಕ್ಕಪ್ಪನ ಫೋನ್ ಬಂತು. “ಗಿಡ ಸುಟ್ಟ ಹಾಗೆ ಕಾಣ್ತಿದೆ ಕಣೋ. ನಾಲ್ಕು ಸಲ ಔಷಧಿ ಹೊಡೆದಾಯ್ತು. ಬಂದು ನೋಡು.” ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು.

ಹೋಗಿ ನೋಡಿದರೆ ನಿಜವಾಗಿಯೂ ಬೆಂಕಿ ತಗುಲಿದ ಹಾಗೆ ಇತ್ತು. ಕೆಳಗಿನ ಎಲೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಮುದುಡಿದ್ದವು. ದೂರದಿಂದ ನೋಡಿದವರು ಅಂಗಮಾರಿ ರೋಗ ಅಂತಲೇ ಹೇಳುತ್ತಾರೆ. ಔಷಧಿ ಅಂಗಡಿಯವರೂ ಹಾಗೆ ಹೇಳಿ, ರಂಗೋಲಿ ಹುಳುವಿಗೆ ಒಂದು, ಅಂಗಮಾರಿಗೆ ಇನ್ನೊಂದು ಔಷಧಿ ಕೊಟ್ಟು ಕಳಿಸಿದ್ದರು. ಎರಡನ್ನೂ ಹೊಡೆದದ್ದಾಗಿತ್ತು.

ನಾನು ಈ ಸಲ ಆತುರ ಮಾಡಲಿಲ್ಲ. ಇನ್ನೂ ಹಸಿರಿದ್ದ ಒಂದು ಎಲೆ ಕಿತ್ತು ಬಿಸಿಲಿಗೆ ಅಡ್ಡ ಹಿಡಿದೆ. ಎಲೆಯ ಮೇಲಿನ ಸಿಪ್ಪೆ ಮತ್ತು ಕೆಳಗಿನ ಸಿಪ್ಪೆ ಹಾಗೇ ಇವೆ, ನಡುವಿನ ಹಸಿರು ತಿರುಳು ಮಾತ್ರ ಖಾಲಿ. ಎರಡು ಪದರದ ತೆಳು ಕಾಗದದ ಚೀಲದ ಹಾಗೆ. ಆ ಚೀಲದ ಒಂದು ಮೂಲೆಯಲ್ಲಿ ಕಪ್ಪು ಹಿಕ್ಕೆ ಗುಡ್ಡೆ ಬಿದ್ದಿದೆ. ಇನ್ನೊಂದು ಕಡೆ ಒಂದು ನೆರಳು ಆಡುತ್ತಿದೆ. ಉಗುರಿನಿಂದ ಸಿಪ್ಪೆ ಎಬ್ಬಿಸಿದೆ. ಅರ್ಧ ಸೆಂಟಿಮೀಟರ್ ಉದ್ದದ ತಿಳಿ ಹಸಿರು ಹುಳು ಹೊರಗೆ ಬಂತು. ಕಂದು ತಲೆ, ಎದ್ದು ಕಾಣುವ ಕಾಲುಗಳು. ತಲೆಯ ಹಿಂದೆ ಕುತ್ತಿಗೆಗೆ ಕಪ್ಪು ದಾರ ಕಟ್ಟಿದ ಹಾಗೆ ಒಂದು ತೆಳು ಪಟ್ಟಿ.

ರಂಗೋಲಿ ಹುಳುವಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಅದು ನೊಣದ ಮರಿ. 1990ರ ದಶಕದ ಆರಂಭದಲ್ಲಿ ನಮ್ಮ ದೇಶಕ್ಕೆ ಬಂದು, ಟೊಮೆಟೊ, ಹುರುಳಿಕಾಯಿ, ಸೌತೆ ಎಲ್ಲದರ ಎಲೆಯ ಮೇಲೂ ಬಿಳಿ ಗೆರೆ ಎಳೆಯುವುದು ಅದೇ. ಅದರ ಸುರಂಗ ಒಂದೇ ಎಳೆಯಾಗಿ ಸುತ್ತಿಕೊಂಡು ಹೋಗುತ್ತದೆ. ನಿಜವಾಗಿಯೂ ರಂಗೋಲಿ ಎಳೆದ ಹಾಗೆ. ಅದಕ್ಕೇ ಆ ಹೆಸರು. ನನ್ನ ಕೈಯಲ್ಲಿದ್ದ ಎಲೆಯಲ್ಲಿ ಗೆರೆ ಇರಲಿಲ್ಲ, ಅಗಲವಾದ ಮಚ್ಚೆ ಇತ್ತು. ಫೆಬ್ರವರಿಯಲ್ಲಿ ಕೈಗೆ ಕೊಟ್ಟ ಎಲೆಯಲ್ಲೂ ಮಚ್ಚೆಯೇ ಇತ್ತು. ನೋಡಿದ್ದೆ, ಆದರೆ ಬಿಸಿಲಿಗೆ ಹಿಡಿದಿರಲಿಲ್ಲ.

ಕುತ್ತಿಗೆಯ ಕಪ್ಪು ಪಟ್ಟಿ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಇದು ಟೂಟಾ ಅಬ್ಸೊಲ್ಯೂಟಾ. ದಕ್ಷಿಣ ಅಮೆರಿಕದ ಟೊಮೆಟೊ ಎಲೆ ಸುರಂಗ ಪತಂಗ.

ಅಷ್ಟು ದೂರದಿಂದ ಇಲ್ಲಿಗೆ

ಈ ಪತಂಗಕ್ಕೆ ಮೊದಲು ಹೆಸರಿಟ್ಟವರು ಎಡ್ವರ್ಡ್ ಮೇರಿಕ್. ಇಂಗ್ಲೆಂಡಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಸಣ್ಣ ಪತಂಗಗಳ ವಿಷಯದಲ್ಲಿ ಅವರಷ್ಟು ಕೆಲಸ ಮಾಡಿದವರು ಕಡಿಮೆ. 1917ರಲ್ಲಿ ಪೆರು ದೇಶದ ಹುವಾಂಕಾಯೊದಿಂದ ಬಂದ ಮಾದರಿಯನ್ನು ನೋಡಿ ಇದನ್ನು ವರ್ಣಿಸಿದರು. ಹುವಾಂಕಾಯೊ ಆಂಡೀಸ್ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ 3,000 ಮೀಟರಿಗೂ ಮೇಲಿರುವ ಊರು. ಆಗ ಅದೊಂದು ಪೀಡೆ ಆಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಹೆಸರು ಆಮೇಲೆ ಹಲವು ಸಲ ಬದಲಾಯಿತು. 2021ರಲ್ಲಿ ವರ್ಗೀಕರಣದವರು ಇದನ್ನು ಮತ್ತೆ ಥೊರಿಮಿಯಾ ಎಂಬ ಹಳೆಯ ಕುಲಕ್ಕೇ ಸೇರಿಸಿದರು. ಕೃಷಿಯವರ ಬಾಯಲ್ಲಿ ಮಾತ್ರ ಟೂಟಾ ಅಂತಲೇ ಉಳಿದಿದೆ. ನಾನೂ ಹಾಗೇ ಬರೆಯುತ್ತೇನೆ.

1960ರ ದಶಕದಲ್ಲಿ ಅದು ಆಂಡೀಸ್ ಇಳಿದು ಅರ್ಜೆಂಟೀನಾ ಸೇರಿತು. ಆಮೇಲೆ ಬ್ರೆಜಿಲ್. ಅಲ್ಲಿಯವರೆಗೆ ಅದು ಒಂದು ಖಂಡದ ತೊಂದರೆ. 2006ರ ಕೊನೆಯಲ್ಲಿ ಸ್ಪೇನಿನ ಪೂರ್ವ ಕರಾವಳಿಯಲ್ಲಿ ಕಾಣಿಸಿಕೊಂಡ ಮೇಲೆ ಕಥೆ ಬದಲಾಯಿತು. ಎರಡು ಮೂರು ವರ್ಷದಲ್ಲಿ ಮೊರಾಕ್ಕೊ, ಅಲ್ಜೀರಿಯಾ, ಟುನೀಸಿಯಾ, ಇಟಲಿ, ಫ್ರಾನ್ಸ್, ಟರ್ಕಿ. ನೆದರ್ಲೆಂಡ್ಸ್‌ನಲ್ಲಿ ಅದು ಸಿಕ್ಕಿದ್ದು ಹೊರಗಿನಿಂದ ಬಂದ ಟೊಮೆಟೊ ಪ್ಯಾಕ್ ಮಾಡುವ ಕಡೆ. ಹಣ್ಣು ಎಲ್ಲಿಗೆ ಹೋಯಿತೋ ಹುಳುವೂ ಅಲ್ಲಿಗೆ ಹೋಯಿತು. ಆಮೇಲೆ ಮಾಡಿದ ಅನುವಂಶಿಕ ಅಧ್ಯಯನದಲ್ಲಿ ಯುರೋಪ್, ಆಫ್ರಿಕಾ, ಏಷ್ಯಾಗಳಿಗೆ ಹಬ್ಬಿದ ಇಡೀ ಸಂತತಿಯ ಮೂಲ ಚಿಲಿಯ ನಡುಭಾಗ ಅಂತ ಗೊತ್ತಾಯಿತು. ಅಂದರೆ ಸಮುದ್ರ ದಾಟಿದ್ದು ಬಹುಶಃ ಒಂದೇ ಸಲ. ಮಿಕ್ಕಿದ್ದೆಲ್ಲ ಬಾಕ್ಸು, ಲಾರಿ, ಸಸಿಗಳ ಕೆಲಸ.

ಭಾರತದಲ್ಲಿ ಮೊದಲು ಕಂಡದ್ದು 2014ರ ಅಕ್ಟೋಬರ್‌ನಲ್ಲಿ, ಪುಣೆಯ ಟೊಮೆಟೊ ಹೊಲಗಳಲ್ಲಿ. ಅದೇ ಹೊತ್ತಿಗೆ ಬೆಂಗಳೂರು, ಕೋಲಾರದ ಕಡೆಯೂ ಇತ್ತು. 2015ರಲ್ಲಿ ಮಲೆನಾಡಿನಿಂದ, ಹೈದರಾಬಾದ್ ಕರ್ನಾಟಕದಿಂದ ವರದಿ ಬಂತು. ತಮಿಳುನಾಡು, ಆಂಧ್ರ, ತೆಲಂಗಾಣ, ಗುಜರಾತ್ ಮುಗಿಸಿ ಹಿಮಾಚಲ, ಮೇಘಾಲಯದವರೆಗೂ ಹೋಯಿತು. 2016ರಲ್ಲಿ ನೇಪಾಳ ಮತ್ತು ಬಾಂಗ್ಲಾದೇಶ, 2017ರಲ್ಲಿ ಚೀನಾದ ಷಿನ್‌ಜಿಯಾಂಗ್. ಚಿಕ್ಕಪ್ಪನ ತೋಟ ಸುಡುತ್ತಿದ್ದ ಅದೇ ಬೇಸಿಗೆಯಲ್ಲಿ, 2016ರ ಮೇ ತಿಂಗಳಲ್ಲಿ, ನೈಜೀರಿಯಾದ ಕಡೂನಾ ರಾಜ್ಯ ಟೊಮೆಟೊ ಬೆಳೆಗೆ ತುರ್ತು ಪರಿಸ್ಥಿತಿ ಘೋಷಿಸಿತು. ಅಲ್ಲಿನ ರೈತರು ಇದನ್ನು ಟೊಮೆಟೊ ಎಬೋಲಾ ಅಂತ ಕರೆದರು. ಆ ಸುದ್ದಿ ಓದಿದ ದಿನ ನನಗೆ ಎಲ್ಲೋ ದೂರದ ಸುದ್ದಿ ಅನ್ನಿಸಲಿಲ್ಲ. ಅವರ ಎಲೆ, ನಮ್ಮ ಎಲೆ ಒಂದೇ ಥರ ಸುಟ್ಟಿತ್ತು.

ಕೋಲಾರ ಈ ಪತಂಗಕ್ಕೆ ಎಷ್ಟು ಅನುಕೂಲ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಇಲ್ಲಿ ಟೊಮೆಟೊ ಇಲ್ಲದ ತಿಂಗಳು ಇಲ್ಲ. ಒಬ್ಬರ ತೋಟ ಕೊನೆ ಬಿಡಿಸುವ ಹೊತ್ತಿಗೆ ಪಕ್ಕದವರದು ಹೂ ಬಿಟ್ಟಿರುತ್ತದೆ, ಅದರ ಪಕ್ಕದವರು ಸಸಿ ನೆಡುತ್ತಿರುತ್ತಾರೆ. ಕೋಲಾರದ ಮಂಡಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಬಾಕ್ಸುಗಳು ಊರಿಂದ ಊರಿಗೆ, ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತವೆ, ಖಾಲಿಯಾಗಿ ತಿರುಗಿ ಬರುತ್ತವೆ. ಬಾಕ್ಸಿನ ಸಂದಿಯಲ್ಲಿ ಒಂದು ಕೋಶ, ಅಂದರೆ ಪತಂಗವಾಗುವ ಮೊದಲು ಹುಳು ಮಲಗುವ ಗೂಡು, ಅಂಟಿಕೊಂಡಿದ್ದರೆ ಸಾಕು.

ಗಾಜಿನ ಬಾಟಲಿಯಲ್ಲಿ ಕಂಡದ್ದು

ಮಾರ್ಚ್ 20ರಂದು ಒಂದಷ್ಟು ಎಲೆಗಳನ್ನು ಬೆಂಗಳೂರಿಗೆ ತಂದೆ. ಉಪ್ಪಿನಕಾಯಿಯ ಗಾಜಿನ ಬಾಟಲಿ ತೊಳೆದು ಒರೆಸಿ, ತಳಕ್ಕೆ ಟಿಶ್ಯೂ ಕಾಗದ ಹಾಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿದೆ. ಪುಸ್ತಕದಲ್ಲಿ ಓದಿದ ವಿಷಯವೇ. ಆದರೂ ಕಣ್ಣಾರೆ ನೋಡಬೇಕು ಅನ್ನಿಸಿತು.

ಹೆಣ್ಣು ಪತಂಗ ಮೊಟ್ಟೆ ಇಡುವುದು ಹೆಚ್ಚಾಗಿ ಎಲೆಯ ಮೇಲೆ, ಅದರಲ್ಲೂ ತುದಿಯ ಎಳೆ ಎಲೆಗಳ ಕೆಳಬದಿಯಲ್ಲಿ. ಒಂದೊಂದೇ ಇಡುತ್ತದೆ, ಗುಂಪಾಗಿ ಇಡುವುದಿಲ್ಲ. ಮೊಟ್ಟೆಯ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಕೆನೆ ಬಣ್ಣ. ಲೆನ್ಸ್ ಇಲ್ಲದೆ ಕಾಣುವುದು ಕಷ್ಟ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ 260ರವರೆಗೂ ಮೊಟ್ಟೆ ಇಡಬಲ್ಲದು, ಅದರಲ್ಲಿ ಬಹುಪಾಲನ್ನು ಗಂಡಿನ ಜೊತೆ ಕೂಡಿದ ಮೊದಲ ವಾರದಲ್ಲೇ ಇಟ್ಟು ಮುಗಿಸುತ್ತದೆ. ನಾಲ್ಕೈದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿ ಸ್ವಲ್ಪ ಹೊತ್ತು ಎಲೆಯ ಮೇಲೆ ಓಡಾಡಿ, ಜಾಗ ನೋಡಿಕೊಂಡು ಒಳಗೆ ಕೊರೆಯುತ್ತದೆ. ಔಷಧಿ ಅದರ ಮೈಗೆ ನೇರವಾಗಿ ತಾಗುವ ಹೊತ್ತು ಮುಖ್ಯವಾಗಿ ಅದೊಂದೇ. ಒಳಗೆ ಹೋದ ಮೇಲೆ ಮೇಲಿನ ಸಿಪ್ಪೆ ಅದಕ್ಕೆ ಚಾವಣಿ, ಕೆಳಗಿನ ಸಿಪ್ಪೆ ನೆಲ.

ಒಳಗಿದ್ದುಕೊಂಡೇ ಮೂರು ಸಲ ಪೊರೆ ಬಿಡುತ್ತದೆ. ಹುಟ್ಟಿದಾಗ ಒಂದು ಮಿಲಿಮೀಟರೂ ಇಲ್ಲದ್ದು ಕೊನೆಗೆ ಏಳೂವರೆ ಮಿಲಿಮೀಟರ್ ಆಗುತ್ತದೆ. ಬಾಟಲಿಯಲ್ಲಿ ನನಗೆ ತುಂಬಾ ಆಶ್ಚರ್ಯ ತಂದದ್ದು ಇದು: ಒಂದು ಹುಳು ಮುದುಡಿದ ಹಳೆಯ ಎಲೆಯಿಂದ ತಲೆ ಹೊರಗೆ ಹಾಕಿತು. ರೇಷ್ಮೆಯಂಥ ಎಳೆ ಬಿಡುತ್ತಾ ಗಾಜಿನ ಮೇಲೆ ನಡೆದು, ನಾನು ಇಟ್ಟಿದ್ದ ಹೊಸ ಎಲೆಗೆ ಹೋಯಿತು. ಎಲೆಯ ನರದ ಪಕ್ಕದಲ್ಲಿ ಕೂತು ಕೊರೆಯತೊಡಗಿತು. ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಅರ್ಧ ಮೈ ಒಳಗೆ ಹೋಗಿತ್ತು. ಹಾಗಾದರೆ ಒಂದು ಹುಳು ಒಂದೇ ಎಲೆ ತಿಂದು ಸುಮ್ಮನಾಗುವುದಿಲ್ಲ. ಎಲೆ ಕೆಟ್ಟರೆ ಮನೆ ಬದಲಾಯಿಸುತ್ತದೆ. ಕಾಯಿ ಸಿಕ್ಕರೆ ಕಾಯಿಗೂ ಹೋಗುತ್ತದೆ. ಕಾಯಿಗೆ ನುಗ್ಗುವುದು ಹೆಚ್ಚಾಗಿ ತೊಟ್ಟಿನ ಕೆಳಗೆ, ಹಸಿರು ಪುಷ್ಪಪಾತ್ರೆಯ ಮರೆಯಲ್ಲಿ. ಮೇಲಿಂದ ನೋಡಿದರೆ ಕಾಯಿ ಚೆನ್ನಾಗೇ ಕಾಣುತ್ತದೆ.

ಬೆಳೆದ ಹುಳು ತಿನ್ನುವುದು ನಿಲ್ಲಿಸಿ ಎಳೆ ಬಿಟ್ಟು ಕೆಳಗಿಳಿಯುತ್ತದೆ. ಹೊಲದಲ್ಲಿ ಮಣ್ಣಿನಲ್ಲೋ, ಒಣ ಎಲೆಯ ಮಡಿಕೆಯಲ್ಲೋ, ಒಮ್ಮೊಮ್ಮೆ ಸುರಂಗದ ಒಳಗೇ ಕೋಶ ಕಟ್ಟುತ್ತದೆ. ನನ್ನ ಬಾಟಲಿಯಲ್ಲಿ ಟಿಶ್ಯೂ ಕಾಗದದ ಮಡಿಕೆಯಲ್ಲಿ ಬಿಳಿ ಗೂಡು ಕಟ್ಟಿತು. ಕೋಶ ಮೊದಲು ಹಸಿರಿತ್ತು, ಆಮೇಲೆ ಕಂದಾಯಿತು. ಎಂಟನೆಯ ದಿನ ಬೆಳಿಗ್ಗೆ ನೋಡಿದರೆ ಪತಂಗ ಹೊರಗೆ ಕೂತಿತ್ತು. ಅಕ್ಕಿ ಕಾಳಿನಷ್ಟು ಉದ್ದ. ಬೆಳ್ಳಿ ಬೂದು ಬಣ್ಣದ ರೆಕ್ಕೆ, ಅದರ ಮೇಲೆ ಕಪ್ಪು ಚುಕ್ಕೆ. ಮಣಿ ಪೋಣಿಸಿದ ಹಾಗಿರುವ ಉದ್ದ ಮೀಸೆ. ಮುಖದಿಂದ ಮೇಲಕ್ಕೆ ಬಾಗಿದ ಕೊಂಬಿನಂಥ ಎರಡು ಅಂಗ. ಹಗಲು ಅಲ್ಲಾಡದೆ ಕೂತಿತ್ತು. ಕತ್ತಲಾಗುವ ಹೊತ್ತಿಗೆ ಗಾಜಿಗೆ ಡಿಕ್ಕಿ ಹೊಡೆಯತೊಡಗಿತು.

ಈ ಚಕ್ರ ಎಷ್ಟು ದಿನದ್ದು ಎನ್ನುವುದು ಬಿಸಿಲಿನ ಮೇಲೆ ನಿಂತಿದೆ. 14 ಡಿಗ್ರಿ ಚಳಿಯಲ್ಲಿ 76 ದಿನ ಬೇಕು. 20 ಡಿಗ್ರಿಯಲ್ಲಿ 40 ದಿನ. 27 ಡಿಗ್ರಿಯಲ್ಲಿ 24 ದಿನ ಸಾಕು. ವರ್ಷಕ್ಕೆ ಹತ್ತು ಹನ್ನೆರಡು ತಲೆಮಾರು. ಚಳಿಗಾಲದಲ್ಲಿ ನಿದ್ದೆ ಮಾಡುವ ಅಭ್ಯಾಸವೂ ಇದಕ್ಕಿಲ್ಲ. ಮಾರ್ಚ್, ಏಪ್ರಿಲ್‌ನ ಕೋಲಾರ ಅಂದರೆ ಅದಕ್ಕೆ ಹಬ್ಬ.

ದಿನಗಳನ್ನು ಹಿಂದಕ್ಕೆ ಎಣಿಸಿದರೆ

ಚಿಕ್ಕಪ್ಪನ ಅಡುಗೆಮನೆಯ ಕ್ಯಾಲೆಂಡರ್ ತೆಗೆದುಕೊಂಡು ಕೂತೆ. ಚಿಕ್ಕಪ್ಪ ಔಷಧಿ ಹೊಡೆದ ದಿನಗಳನ್ನು ಅದರಲ್ಲೇ ಗುರುತು ಹಾಕಿದ್ದರು. ಫೆಬ್ರವರಿ 27, ಮಾರ್ಚ್ 5, 11, 17. ವಾರಕ್ಕೊಂದು.

ಫೆಬ್ರವರಿ 25ರ ಆಸುಪಾಸಿನಲ್ಲಿ ನಾನು ನೋಡಿದ ಮಚ್ಚೆಗಳಲ್ಲಿ ಹುಳು ಆಗಲೇ ಬಲಿತಿದ್ದಿರಬೇಕು. ಅಂದರೆ ಮೊಟ್ಟೆ ಇಟ್ಟದ್ದು ಸಸಿ ನೆಟ್ಟ ಮೊದಲ ಹತ್ತು ದಿನದೊಳಗೆ. 27ರಂದು ಹೊಡೆದ ಔಷಧಿ ಸುರಂಗದ ಚಾವಣಿಯ ಮೇಲೆ ಬಿತ್ತು. ಮಾರ್ಚ್ 5ರ ಹೊತ್ತಿಗೆ ಹುಳುಗಳು ಮಲ್ಚಿಂಗ್ ಪೇಪರಿನ ತೂತಿನ ಹತ್ತಿರ, ಮಣ್ಣಿನಲ್ಲಿ ಕೋಶದೊಳಗೆ ಮಲಗಿದ್ದವು. ಅವತ್ತಿನ ಔಷಧಿಯೂ ದಂಡ. 8, 9ರ ಸುಮಾರಿಗೆ ಪತಂಗ ಹಾರಿ ಮೊಟ್ಟೆ ಇಟ್ಟಿವೆ. 11ರಂದು ಹೊಡೆದಾಗ ಮರಿಗಳು ಇನ್ನೂ ಮೊಟ್ಟೆಯೊಳಗೇ ಇದ್ದವು. ಮೊಟ್ಟೆ ಒಡೆದು ಮರಿಗಳು ಎಲೆಯ ಮೇಲೆ ಓಡಾಡಿದ ದಿನಗಳು 13ರಿಂದ 16. ಆ ನಾಲ್ಕು ದಿನ ತೋಟದಲ್ಲಿ ಯಾರೂ ಏನೂ ಹೊಡೆಯಲಿಲ್ಲ. 17ರಂದು ಹೊಡೆಯುವಷ್ಟರಲ್ಲಿ ಹೆಚ್ಚಿನವು ಒಳಗೆ ಸೇರಿಕೊಂಡಿದ್ದವು. ಒಂದು ಹೆಣ್ಣಿನ 260 ಮೊಟ್ಟೆಯಲ್ಲಿ ಹತ್ತರಲ್ಲಿ ಒಂದು ಬದುಕಿದರೂ 26. ಅದರಲ್ಲಿ ಅರ್ಧ ಹೆಣ್ಣು ಅಂದರೆ 13. ಎರಡನೇ ಸುತ್ತಿನಲ್ಲಿ ಆ 13ರದ್ದು ಒಂದೊಂದಕ್ಕೂ ಅಷ್ಟೇ. ಗಿಡ ಒಂದೇ ವಾರದಲ್ಲಿ ಸುಟ್ಟ ಹಾಗೆ ಕಂಡದ್ದು ಯಾಕೆ ಅಂತ ಈ ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು.

ಇಷ್ಟು ಕರಾರುವಾಕ್ಕಾಗಿ ಎಣಿಸಲು ಆಗುವುದು ಮೊದಲ ಎರಡು ಸುತ್ತಿನಲ್ಲಿ ಮಾತ್ರ. ಆಮೇಲೆ ಮೊಟ್ಟೆ, ಹುಳು, ಕೋಶ, ಪತಂಗ ಎಲ್ಲವೂ ಒಂದೇ ಗಿಡದಲ್ಲಿ ಒಟ್ಟಿಗೆ ಇರುತ್ತವೆ. ಅದಕ್ಕೇ ಮೊದಲ 30 ದಿನ ಅಷ್ಟು ಮುಖ್ಯ. ಆ ದಿನಗಳನ್ನೇ ನಾನು ಕಳೆದದ್ದು.

ಔಷಧಿಯಿಂದ ಇನ್ನೊಂದು ನಷ್ಟವೂ ಆಗಿತ್ತು. ಟೊಮೆಟೊ ಗಿಡದಲ್ಲಿ ನೆಸಿಡಿಯೊಕೋರಿಸ್ ಎಂಬ ಸಣ್ಣ ಹಸಿರು ತಿಗಣೆ ಇರುತ್ತದೆ. ಅದು ಟೂಟಾ ಮೊಟ್ಟೆಗಳನ್ನು, ಎಳೆ ಮರಿಗಳನ್ನು ಹುಡುಕಿ ಹೀರುತ್ತದೆ. ಸ್ಪೇನಿನಲ್ಲಿ ಇದನ್ನೇ ಸಾಕಿ ಗಾಜುಮನೆಗಳಿಗೆ ಬಿಡುತ್ತಾರೆ. ನಮ್ಮಲ್ಲಿ ತಾನಾಗಿಯೇ ಇದೆ. ಹಸಿದಾಗ ಗಿಡದ ಕಾಂಡವನ್ನೂ ಚುಚ್ಚುವುದರಿಂದ ರೈತರು ಅದನ್ನೂ ಶತ್ರು ಅಂತಲೇ ನೋಡುತ್ತಾರೆ. ಹುಳುವಿನ ಮೇಲೆ ಮೊಟ್ಟೆ ಇಡುವ ಸಣ್ಣ ಕಣಜಗಳೂ ಇವೆ. ನಾಲ್ಕು ಸಲ ಹೊಡೆದ ಔಷಧಿಗೆ ಬಯಲಲ್ಲಿ ಓಡಾಡುವ ಇವು ಸತ್ತವು. ಸುರಂಗದ ಒಳಗಿದ್ದದ್ದು ಬದುಕಿತು. ಜೊತೆಗೆ ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಟೂಟಾ ಅದಕ್ಕೆ ಒಗ್ಗಿಕೊಳ್ಳುತ್ತದೆ. ಚಿಲಿ, ಬ್ರೆಜಿಲ್‌ಗಳಲ್ಲಿ ಹಳೆಯ ಔಷಧಿಗಳಿಗೆ ಹಾಗಾಯಿತು. ಇಟಲಿ, ಗ್ರೀಸ್‌ಗಳಲ್ಲಿ ಹೊಸ ಡೈಅಮೈಡ್ ಗುಂಪಿಗೂ ಹಾಗೇ ಆಯಿತು.

ಬದುವಿನ ಆಚೆ

ಮೊದಲ ಪತಂಗ ಎಲ್ಲಿಂದ ಬಂತು? ಸಸಿ ಕೊಟ್ಟ ನರ್ಸರಿಯ ಮೇಲೆ ನನಗೆ ಅನುಮಾನ ಇತ್ತು. ಚಿಕ್ಕಮ್ಮ ಮಾತ್ರ ಬದುವಿನ ಕಡೆ ಕೈ ತೋರಿಸಿ, “ಅಲ್ಲಿ ಹೋಗಿ ನೋಡಿದ್ಯೇನೋ?” ಅಂದರು.

ಬದುವಿನ ಆಚೆ ಅರ್ಧ ಎಕರೆ ಹಳೆಯ ಟೊಮೆಟೊ ತೋಟ. ಬೆಲೆ ಬಿದ್ದಾಗ ಕೂಲಿಯೂ ಗಿಟ್ಟುವುದಿಲ್ಲ ಅಂತ ಆ ಹೊಲದವರು ಹಣ್ಣು ಬಿಡಿಸುವುದನ್ನೇ ನಿಲ್ಲಿಸಿದ್ದರು. ಜನವರಿಯಿಂದ ಹಾಗೇ ಬಿಟ್ಟಿದ್ದರಂತೆ. ಗಿಡ ಒಣಗಿ ಕಡ್ಡಿಗೆ ಜೋತುಬಿದ್ದಿತ್ತು, ಒಂದೊಂದು ಚಿಗುರು ಇನ್ನೂ ಹಸಿರಿತ್ತು. ಕೆಳಗೆ ಕೊಳೆತ ಹಣ್ಣು. ಒಂದು ಹಣ್ಣು ತಿರುಗಿಸಿ ತೊಟ್ಟು ಎತ್ತಿದೆ. ಸೂಜಿಯಲ್ಲಿ ಚುಚ್ಚಿದ ಹಾಗೆ ಮೂರು ತೂತು, ಒಂದರ ಬಾಯಲ್ಲಿ ಹಿಕ್ಕೆ. ಒಣ ಎಲೆ ಉದುರಿಸಿದರೆ ಮಡಿಕೆಯಲ್ಲಿ ಕೋಶ. ಬದುವಿನ ಮೇಲೆ ಗಣಿಕೆ ಸೊಪ್ಪು ಹುಲುಸಾಗಿ ಬೆಳೆದಿತ್ತು, ಅದರ ಎಲೆಗಳಲ್ಲೂ ಅದೇ ಮಚ್ಚೆ. ಗಣಿಕೆ, ದತ್ತೂರ, ಬದನೆ, ಆಲೂಗಡ್ಡೆ ಎಲ್ಲ ಟೊಮೆಟೊದ ಬಳಗವೇ. ಟೊಮೆಟೊ ಇಲ್ಲದಾಗ ಟೂಟಾ ಇವುಗಳ ಮೇಲೆ ಕಾಲ ತಳ್ಳುತ್ತದೆ.

ಆ ಹೊಲದವರನ್ನು ದೂರುವ ಮನಸ್ಸು ನನಗಿಲ್ಲ. ಬಾಕ್ಸಿಗೆ ಸಿಗುವ ದುಡ್ಡು ಬಿಡಿಸುವ ಕೂಲಿಗೂ ಸಾಲದಿದ್ದಾಗ, ಕೂಲಿ ಕೊಟ್ಟು ಗಿಡ ಕೀಳಿಸಿ ಅಂತ ಯಾವ ಬಾಯಲ್ಲಿ ಹೇಳುವುದು? ಆದರೆ ಟೂಟಾ ಹಬ್ಬುವ ದಾರಿಯಲ್ಲಿ ಈ ಬಿಟ್ಟ ತೋಟದಷ್ಟು ದೊಡ್ಡ ಮೆಟ್ಟಿಲು ಇನ್ನೊಂದಿಲ್ಲ. ಖಂಡದಿಂದ ಖಂಡಕ್ಕೆ ಹಾರಿಸಿದ್ದು ಬಾಕ್ಸು ಇರಬಹುದು. ಹಳ್ಳಿಯೊಳಗೆ ಒಂದು ಹೊಲದಿಂದ ಇನ್ನೊಂದಕ್ಕೆ ದಾಟಿಸುವುದು ಬಿಟ್ಟ ಗಿಡ ಮತ್ತು ರಸ್ತೆ ಬದಿಗೆ ಸುರಿದ ಹಣ್ಣಿನ ಗುಡ್ಡೆ. ನಮ್ಮ ಕಡೆ ಬೆಲೆ ಬಿದ್ದಾಗ ಆ ಗುಡ್ಡೆಗಳನ್ನು ನೋಡಿ ಎಲ್ಲರೂ ಮರುಗುತ್ತೇವೆ. ಅದರೊಳಗೆ ಹುಳು ಕೋಶವಾಗಿ, ಪತಂಗವಾಗಿ ಹೊರಬರುತ್ತಿದೆ ಅಂತ ಯಾರೂ ನೆನೆಯುವುದಿಲ್ಲ.

ಮಾಡಿದ ಕೆಲಸ

ಮಾರ್ಚ್ 22ರಿಂದ ಶುರು ಮಾಡಿದೆವು. ಮೊದಲು ಆ ಅರ್ಧ ಎಕರೆ. ಹೊಲದವರ ಜೊತೆ ಮಾತಾಡಿ ನಾವೇ ಆಳು ಹಾಕಿ ಗಿಡ ಕಿತ್ತೆವು. ಬಿದ್ದ ಹಣ್ಣು ಆರಿಸಿ ಆಳವಾದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಬದುವಿನ ಗಣಿಕೆಯನ್ನೂ ಕಿತ್ತೆವು. ಮನೆಗೆ ಸಾರಿಗೆ ಬೇಕು ಅಂತ ಚಿಕ್ಕಮ್ಮ ಹಿತ್ತಲಿನಲ್ಲಿ ಎರಡು ಗಿಡ ಉಳಿಸಿಕೊಂಡು, ದಿನಾ ಅದರ ಎಲೆ ತಿರುಗಿಸಿ ನೋಡುತ್ತಿದ್ದರು.

ನಮ್ಮ ತೋಟದಲ್ಲಿ ಮಚ್ಚೆ ಬಿದ್ದ ಎಲೆಗಳನ್ನು ಕೈಯಿಂದಲೇ ತೆಗೆಸಿದೆವು. ನಾಲ್ಕು ಹೆಣ್ಣಾಳು, ಮೂರು ದಿನ. ಎಲೆಯನ್ನು ಸಾಲಿನಲ್ಲಿ ಬಿಸಾಡುವ ಹಾಗಿಲ್ಲ, ಹುಳು ಎದ್ದು ಮತ್ತೆ ಗಿಡ ಹತ್ತುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿದು ಬಿಸಿಲಲ್ಲಿ ಇಟ್ಟೆವು. ಎರಡು ದಿನಕ್ಕೆ ಒಳಗೆಲ್ಲ ಬೆಂದು ಹೋಯಿತು. ಔಷಧಿಗಿಂತ ಈ ಕೆಲಸದಿಂದ ಜಾಸ್ತಿ ಹುಳು ಹೋಯಿತು ಅನ್ನುವುದು ನನ್ನ ನಂಬಿಕೆ.

ಮೋಹಕ ಬಲೆಗಳನ್ನೂ ಇಟ್ಟೆವು. ಹೆಣ್ಣು ಪತಂಗ ಬಿಡುವ ವಾಸನೆಯನ್ನೇ ಒಂದು ಸಣ್ಣ ರಬ್ಬರಿನ ತುಂಡಿಗೆ ಹಾಕಿರುತ್ತಾರೆ, ಅದಕ್ಕೆ ಲೂರ್ ಅನ್ನುತ್ತಾರೆ. ಅಗಲವಾದ ಪ್ಲಾಸ್ಟಿಕ್ ಬೇಸಿನ್‌ಗೆ ನೀರು ತುಂಬಿ, ಸ್ವಲ್ಪ ಸೋಪಿನ ನೀರು ಬೆರೆಸಿ, ನೀರಿನ ಮೇಲೆ ಲೂರ್ ತೂಗುಹಾಕಿದೆವು. ಟೂಟಾ ತಗ್ಗಿನಲ್ಲಿ ಹಾರುತ್ತದೆ, ಹಾಗಾಗಿ ಬೇಸಿನ್ ನೆಲದ ಹತ್ತಿರವೇ ಇರಬೇಕು. ಎಕರೆಗೆ ಹದಿನೈದರ ಆಸುಪಾಸು. ಮೊದಲ ಬೆಳಿಗ್ಗೆ ನೋಡಿದಾಗ ನೀರಿನ ಮೇಲೆ ಬೂದಿ ಚೆಲ್ಲಿದ ಹಾಗೆ ಪತಂಗ ಬಿದ್ದಿದ್ದವು. ಚಿಕ್ಕಪ್ಪ ಕೂತು ಎಣಿಸಲು ಹೋಗಿ ಅರ್ಧಕ್ಕೆ ಬಿಟ್ಟರು.

ಬಲೆಯಿಂದಲೇ ಎಲ್ಲ ಮುಗಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಲೆಗೆ ಬೀಳುವುದು ಗಂಡು ಮಾತ್ರ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು, ಹಾಗಾಗಿ ಉಳಿದ ಕೆಲವೇ ಗಂಡುಗಳು ಸಾಕಾಗುತ್ತವೆ. ಬಲೆಯ ದೊಡ್ಡ ಲಾಭ ಎಣಿಕೆ. ಇವತ್ತು ಬಲೆಯಲ್ಲಿ ಪತಂಗ ಏರಿದರೆ, ಇನ್ನು ನಾಲ್ಕೈದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಏನಾದರೂ ಹೊಡೆಯುವುದಿದ್ದರೆ ಆಗ. ನಾವು ಬೇವಿನ ಔಷಧಿ ಮತ್ತು ಬಿ.ಟಿ. ಎಂಬ ಬ್ಯಾಕ್ಟೀರಿಯಾದ ಔಷಧಿ ಬಳಸಿದೆವು. ಇವು ತಿಗಣೆ, ಕಣಜಗಳಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಸಂಜೆ ಹೊಡೆದೆವು, ಎಲೆಯ ಕೆಳಬದಿ ನೆನೆಯುವ ಹಾಗೆ.

ಏಪ್ರಿಲ್ ಎರಡನೇ ವಾರ ಮೊದಲ ಸಲ ಹಣ್ಣು ಬಿಡಿಸಿದೆವು. ಬೆಳಗಿನ ಜಾವ ಬಾಕ್ಸುಗಳನ್ನು ಮಂಡಿಗೆ ಒಯ್ದೆವು. ಕೊಳ್ಳುವವರು ಬಂದು ಮೇಲಿನ ಹಣ್ಣುಗಳನ್ನು ಪಕ್ಕಕ್ಕೆ ಸರಿಸಿ, ಕೆಳಗಿನದೊಂದನ್ನು ತೆಗೆದು, ತೊಟ್ಟನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದರು. ಒಂದು ತೂತು. ಮಾತಾಡದೆ ಮುಂದಿನ ಬಾಕ್ಸಿಗೆ ಹೋದರು. ಚಿಕ್ಕಪ್ಪ ಆ ಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ಆ ದಿನ ನಮ್ಮ ಮಾಲು ಹೋಗಿದ್ದು ಕೊನೆಯ ಬೆಲೆಗೆ.

ಮೇ ತಿಂಗಳ ಹೊತ್ತಿಗೆ ಹೊಸ ಚಿಗುರಿನ ಎಲೆಗಳು ಶುಭ್ರವಾಗಿ ಬಂದವು. ಕೊನೆಯ ಬಿಡಿಸುವಿಕೆಗಳಲ್ಲಿ ತೂತು ಬಿದ್ದ ಹಣ್ಣು ಬುಟ್ಟಿಗೆ ನಾಲ್ಕೋ ಐದೋ ಸಿಗುತ್ತಿತ್ತು. ಆದರೆ ಗಿಡಕ್ಕೆ ಬೇಕಾದ ಹೊತ್ತಿನಲ್ಲಿ ಎಲೆ ಇರಲಿಲ್ಲ, ಕಾಯಿ ಸಣ್ಣದಾಗಿಯೇ ಉಳಿಯಿತು. ಹಿಂದಿನ ಬೇಸಿಗೆಯ ಅರ್ಧದಷ್ಟೂ ಬಾಕ್ಸು ಆಗಲಿಲ್ಲ. ಹಾಕಿದ ದುಡ್ಡು ಕೈಗೆ ಬರಲಿಲ್ಲ.

ಆ ಮಳೆಗಾಲ ಅಲ್ಲಿ ರಾಗಿ ಹಾಕಿದರು. ಬದುವಿನ ಆಚೆಯವರೂ ರಾಗಿಯನ್ನೇ ಹಾಕಿದರು. ರಾಗಿಯಲ್ಲಿ ಟೂಟಾಗೆ ತಿನ್ನಲು ಏನೂ ಇಲ್ಲ. ಮುಂದಿನ ಸಲ ಟೊಮೆಟೊ ನೆಡುವ ಮೊದಲು ಚಿಕ್ಕಪ್ಪ ಸಸಿಗಳ ಟ್ರೇಯನ್ನು ಒಂದೊಂದಾಗಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಮಚ್ಚೆ ಇದ್ದ ಎರಡು ಟ್ರೇ ವಾಪಸ್ ಕಳಿಸಿದರು. ಸಸಿ ನೆಟ್ಟ ಮಾರನೆಯ ದಿನವೇ ಎರಡು ಬೇಸಿನ್ ಇಟ್ಟರು.

ಈಗ ಅವರ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಏಕಾದಶಿ, ಅಮಾವಾಸ್ಯೆಗಳ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಅಂಕಿಗಳಿರುತ್ತವೆ. 2, 0, 1, 5. ಬೇಸಿನ್‌ನಲ್ಲಿ ಬಿದ್ದ ಪತಂಗಗಳ ಲೆಕ್ಕ ಅದು. ಅಂಕಿ ಏರಿದ ದಿನದಿಂದ ನಾಲ್ಕು ಮನೆ ಎಣಿಸಿ ಅಲ್ಲೊಂದು ಸುತ್ತು ಹಾಕಿರುತ್ತಾರೆ. ಸುತ್ತು ಬಿದ್ದ ದಿನ ಬೆಳಿಗ್ಗೆ ಆರಕ್ಕೇ ನನಗೆ ಫೋನ್ ಬರುತ್ತದೆ. “ಇವತ್ತು ಸಂಜೆ ಅಲ್ವಾ ಹೊಡೆಯೋದು?”